ಜಗಲಿಯ ಮೇಲಿನ ಎಡೆ

ವೆಂಕಟರತ್ನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂರುವವಳಲ್ಲ. ಉಣ್ಣಲು ಕೂತರೂ ಮುಖ ಬಾಗಿಲ ಕಡೆಗೆ, ಅವರೆಕಾಯಿ ಸುಲಿಯಲು ಕೂತರೂ ಬಾಗಿಲ ಕಡೆಗೆ; ದೀಪ ಹಚ್ಚಿ ಕೈಮುಗಿಯುವಾಗ ಮಾತ್ರ ದೇವರ ಕಡೆಗೆ, ಅದೂ ಅರೆಗಳಿಗೆ, ಕತ್ತು ಓರೆಮಾಡಿಕೊಂಡು. ಕ್ಯಾಸಂಬಳ್ಳಿಯ ಕಲ್ಯಾಣಮಂಟಪದಲ್ಲಿ ನೆಂಟರ ಮದುವೆಯಾದರೆ, ಬಡಿಸಿದ ಎಲೆಯ ಮುಂದಿನಿಂದ ಎದ್ದು, ಎದುರು ಸಾಲಿನಲ್ಲಿ ಕೂತ ಯಾರನ್ನಾದರೂ ಪುಸಲಾಯಿಸಿ ಎಬ್ಬಿಸಿ, ಬಾಗಿಲು ಕಾಣುವ ಜಾಗ ಹಿಡಿದ ಮೇಲೆಯೇ ಆಕೆ ಪಾಯಸಕ್ಕೆ ಕೈ ಹಾಕುವುದು. ಮೊಣಕಾಲು ನೋವೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದಾಗ, ಮಂಚ ತಿರುಗಿಸದೆ ಗುಳಿಗೆ ನುಂಗುವುದಿಲ್ಲವೆಂದು ಹಟ ಹಿಡಿದು, ಕೊನೆಗೆ ಇಬ್ಬರು ಆಯಾಗಳು ಗೊಣಗುತ್ತ ಮಂಚ ತಿರುಗಿಸಿದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಗುಳಿಗೆಗೆ ಕೈಚಾಚಿದಳಂತೆ.

ನಾನು ಮೊದಲ ಸಲ ಆ ಮನೆಗೆ ಹೋದಾಗ ತಿಳಿಯದೆ ಬಾಗಿಲಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದೆ. ಕಾಫಿ ತಂದ ಆಕೆ ಲೋಟವನ್ನು ಕಿಟಕಿಯ ಮೇಲಿಟ್ಟು, 'ಒಸಿ ಎದ್ದೇಳಿ' ಎಂದು ನನ್ನನ್ನು ಎಬ್ಬಿಸಿ, ಕುರ್ಚಿಯನ್ನು ತಿರುಗಿಸಿಟ್ಟು, ಆಮೇಲೆ ಲೋಟವನ್ನು ಕೈಗಿತ್ತಳು. ಕಾರಣ ಕೇಳುವ ಧೈರ್ಯ ನನಗೆ ಬಂದದ್ದು ಮೂರನೆಯ ಭೇಟಿಯಲ್ಲಿ.

ಇದು ಆಕೆಯ ಹುಟ್ಟುಗುಣವಲ್ಲ. ಮಾಲೂರು ಸೀಮೆಯ ತೌರಿನಲ್ಲಿ ಆಕೆ ಎಲ್ಲ ಹುಡುಗಿಯರ ಹಾಗೆ ಎತ್ತೆಂದರತ್ತ ಕೂತು, ಎತ್ತೆಂದರತ್ತ ಮಲಗಿ ಬೆಳೆದವಳೇ. ಹತ್ತೊಂಬತ್ತರ ವಯಸ್ಸಿನಲ್ಲಿ, ಕ್ಯಾಸಂಬಳ್ಳಿಗೆ ಎರಡು ಮೈಲಿ ದೂರದ ಈ ಊರಿಗೆ ಸೊಸೆಯಾಗಿ ಬಂದ ಮೊದಲ ದಿನವೇ ಅತ್ತೆ ನರಸಮ್ಮ ಆಕೆಯ ಎರಡು ಭುಜ ಹಿಡಿದು ಬೀದಿಯ ಕಡೆಗೆ ತಿರುಗಿಸಿ ಕೂರಿಸಿದಳು. ಈ ಮನೆಯಿಂದ ಒಬ್ಬರು ಹೊರಗೆ ಹೋಗಿದ್ದಾರೆ, ಇನ್ನೂ ಬಂದಿಲ್ಲ, ಬಂದಾಗ ಅವರಿಗೆ ಮೊದಲು ಕಾಣುವುದು ನಮ್ಮ ಬೆನ್ನಾಗಬಾರದು ಎಂದಳು. ಹೊಸ ಮದುವಣಗಿತ್ತಿ, ಮೈದುನನೋ ಭಾವನೋ ಪೇಟೆಗೆ ಹೋಗಿರಬೇಕೆಂದುಕೊಂಡು ತಲೆಯಾಡಿಸಿದಳು. ಹೋದವರು ಗಂಡನ ತಂದೆಯ ಮುತ್ತಾತ, ಹೋಗಿ ಆಗಲೇ ತೊಂಬತ್ತು ವರ್ಷವಾಗಿದೆ ಎಂದು ತಿಳಿದದ್ದು ಮಾರನೆಯ ದಿನ, ಅಟ್ಟದ ಕೆಳಗಿನ ಕರಿಯ ತಗಡಿನ ಪೆಟ್ಟಿಗೆಯನ್ನು ಕಂಡಾಗ.

ಆ ಪೆಟ್ಟಿಗೆಯ ಕಥೆಯನ್ನು ನರಸಮ್ಮ ಹೇಳಿದಂತೆಯೇ ವೆಂಕಟರತ್ನಮ್ಮ ಹೇಳುತ್ತಾಳೆ. ನರಸಮ್ಮ ತನ್ನ ಅತ್ತೆ ಹೇಳಿದಂತೆ ಹೇಳುತ್ತಿದ್ದಳಂತೆ. ದೊಡ್ಡವೆಂಕಟಪ್ಪ ಇಂಗ್ಲಿಷರ ದಂಡಿನಲ್ಲಿ ಸಿಪಾಯಿ. ಬೆಂಗಳೂರಿನ ದಂಡಿನಿಂದ ಹೊರಟು ಹಡಗು ಹತ್ತಿ ಬರ್ಮಾದ ಯುದ್ಧಕ್ಕೆ ಹೋದಾಗ ಅವನ ಮಗ ಇನ್ನೂ ತೊಟ್ಟಿಲಲ್ಲಿದ್ದ. ಎರಡು ವರ್ಷದ ಮೇಲೆ, ರಾಗಿ ಕಟಾವಿನ ಕಾಲದಲ್ಲಿ, ತಮಿಳುಸೀಮೆಯ ಒಬ್ಬ ಜೊತೆಗಾರ ಬಂಗಾರಪೇಟೆಯಲ್ಲಿ ರೈಲಿಳಿದು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ದಾರಿಯುದ್ದಕ್ಕೂ ಮನೆ ಕೇಳಿಕೊಂಡು ನಡೆದು ಬಂದ. ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟ. ದೊಡ್ಡವೆಂಕಟಪ್ಪನ ಹೆಂಡತಿ ಅಶ್ವತ್ಥಮ್ಮ ಕಾಲಿಗೆ ನೀರು ಕೊಟ್ಟಳು, ಮುದ್ದೆ ಇಕ್ಕಿದಳು, ಹುರುಳಿಸಾರು ಬಿಟ್ಟಳು. ಅವನು ಉಂಡ. ಕಂಕುಳಲ್ಲಿ ಕೂಸನ್ನೆತ್ತಿಕೊಂಡು ನಿಂತ ಅವಳು, ಪೆಟ್ಟಿಗೆ ಬಂತು, ಅವರೆಲ್ಲಿ ಎಂದು ಕೇಳಿದಳು. ಅವನು ಕೈಯೆತ್ತಿ ತಾನು ನಡೆದು ಬಂದ ದಾರಿಯ ಕಡೆಗೆ ತೋರಿಸಿದ. ಎದ್ದು ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟು, ಆಗಷ್ಟೇ ಚಿನ್ನದ ಗುಂಡಿಗಳನ್ನು ತೋಡುತ್ತಿದ್ದ ಊರಿಗಾಂ ಕಡೆಗೆ, ಹಿಂದಿರುಗಿ ನೋಡದೆ ಹೊರಟುಹೋದ.

ಸಾಮಾನು ಮುಂದೆ ಬಂದರೆ ಮನುಷ್ಯ ಹಿಂದೆ ಬರುತ್ತಾನೆ ಎಂದೇ ಅಶ್ವತ್ಥಮ್ಮ ತಿಳಿದಳು. ಅಂದಿನಿಂದ ಅವಳು ಬೀದಿಗೆ ಮುಖ ಮಾಡಿ ಕೂತಳು.

ಆ ಜೊತೆಗಾರನ ಬಗ್ಗೆ ಮನೆಯ ಹೆಂಗಸರಲ್ಲಿ ಒಮ್ಮತವಿರಲಿಲ್ಲ. ನರಸಮ್ಮ ಅವನನ್ನು ಹೇಡಿ ಎನ್ನುತ್ತಿದ್ದಳು. ಗಂಡಸಾದವನು ಒಂದು ಮಾತು ಹೇಳಿ ಹೋಗಬಾರದಿತ್ತೇ ಎಂದು ಸಾಯುವ ತನಕ ಬೈದಳು. ವೆಂಕಟರತ್ನಮ್ಮ ಮಾತ್ರ ಒಮ್ಮೆ, ಮದುವೆಯಾದ ಎರಡನೆಯ ವರ್ಷ, ಅತ್ತೆಗೆ ಎದುರಾಡಿದ್ದಳು. 'ಉಣ್ಣೋಕಿಕ್ಕಿದ ಕೈ ನೋಡ್ಕೊಂಡು ಎಂಗ್ ಯೋಳ್ತಾನೆ ಅತ್ತೆ? ಆ ಕೈಯಾಗೆ ಬಳೆ ಇದ್ವಲ್ಲ' ಎಂದಿದ್ದಳು. ಹೇಳಬಾರದ್ದನ್ನು ಸೊಸೆ ಹೇಳಿಬಿಟ್ಟಿದ್ದಳು: ಆ ಮನುಷ್ಯ ಬರುವುದಿಲ್ಲವೆಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಆಡದಿರಲು ಕಾರಣವಿತ್ತು. ಆ ಕಡೆಯ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಡುವುದುಂಟು. ತೀರಿಕೊಂಡವರೆಲ್ಲರ ಹೆಸರಿನಲ್ಲಿ ನಡುಮನೆಯ ಗೋಡೆಗೆ ಸಾಲಾಗಿ ಎಲೆ ಹಾಸಿ, ಅವರವರಿಗೆ ಪ್ರಿಯವಾದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕುತ್ತಾರೆ. ದೊಡ್ಡವೆಂಕಟಪ್ಪನ ಎಡೆ ಮಾತ್ರ ಒಳಗಿಲ್ಲ. ಸತ್ತ ಸುದ್ದಿ ಬಾರದವನನ್ನು ಸತ್ತವರ ಸಾಲಿನಲ್ಲಿ ಕೂರಿಸುವಂತಿಲ್ಲ. ಅವನದು ಹೊರಗೆ, ಜಗಲಿಯ ಮೇಲೆ, ದಾರಿಗೆ ಮುಖವಾಗಿ, ಬಿಸಿಲಲ್ಲಿ ನಡೆದು ಬರುವವನಿಗೆ ಇಡುವಂತೆ ಪಕ್ಕದಲ್ಲೊಂದು ಚೊಂಬು ನೀರು. ಅಶ್ವತ್ಥಮ್ಮ ಎಪ್ಪತ್ತು ದಾಟಿ ತೀರಿಕೊಂಡಾಗಲೂ ಅವಳ ಕೈಯಲ್ಲಿ ಬಳೆಯಿದ್ದವು, ಹಣೆಯಲ್ಲಿ ಕುಂಕುಮವಿತ್ತು. ಆದ್ದರಿಂದ ಒಳಗಿನ ಸಾಲಿನಲ್ಲಿ ಅವಳ ಎಡೆ ಮುತ್ತೈದೆಯ ಎಡೆ, ಅದರ ಮುಂದೆ ಪ್ರತಿವರ್ಷ ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ರವಿಕೆ ಕಣ. ಒಬ್ಬ ಜಗಲಿಯ ಮೇಲಿರುವ ತನಕ ಒಬ್ಬಳ ಕೈಯಲ್ಲಿ ಬಳೆಯಿರುತ್ತದೆ. ಹೀಗೆ ನೂರಮೂವತ್ತೇಳು ವರ್ಷ.

ಪೆಟ್ಟಿಗೆ ಗಂಡಸರ ಕೈಗೆ ಹೋಗಲಿಲ್ಲ. ಅತ್ತೆಯಿಂದ ಸೊಸೆಗೆ, ಆ ಸೊಸೆ ಅತ್ತೆಯಾದ ಮೇಲೆ ಅವಳ ಸೊಸೆಗೆ, ವೆಂಕಟರತ್ನಮ್ಮ ಐದನೆಯವಳು. ಅದರೊಳಗೆ ಇದ್ದದ್ದು ಕಡಿಮೆ. ಒಂದು ಕೆಂಪು ಕೋಟು, ಈಗ ಹಳೆಯ ಇಟ್ಟಿಗೆಯ ಬಣ್ಣ. ಅಂಚಿನಲ್ಲಿ ನಂಬರು ಕುಟ್ಟಿದ ಹಿತ್ತಾಳೆ ಚೊಂಬು. ಸೂಜಿದಾರದ ಚರ್ಮದ ಚೀಲ. ಬರ್ಮಾದ ಅರಗಿನ ಡಬ್ಬಿಯೊಂದು, ಬೆರಳೆರಡು ಹಿಡಿಸುವಷ್ಟು, ಒಳಗೆ ಖಾಲಿ. ಅದು ಹೆಂಡತಿಯ ಕುಂಕುಮಕ್ಕೆಂದು ಕೊಂಡದ್ದೇ ಇರಬೇಕೆಂದು ಐವರು ಹೆಂಗಸರೂ ತೀರ್ಮಾನಿಸಿದ್ದರು. ಮತ್ತೆ ಒಂದು ಕಾಗದದ ಕಟ್ಟು. ಓದು ಬಾರದ ಮನೆ. ಮನೆಗೆ ಓದು ಬರುವ ಹೊತ್ತಿಗೆ ಆ ಕಾಗದ ದೇವರ ಸಮಾನವಾಗಿತ್ತು. ಪ್ರತಿ ಅಮಾವಾಸ್ಯೆಗೆ ಪೆಟ್ಟಿಗೆಯ ಎಲ್ಲ ವಸ್ತುಗಳ ಹಾಗೆ ಅದಕ್ಕೂ ಅರಿಶಿನ ಹಚ್ಚಿ ಕುಂಕುಮವಿಟ್ಟರು. ಹಚ್ಚಿ ಹಚ್ಚಿ, ಮಡಿಸಿದ ಕಾಗದದ ಮೇಲೆ ಅರಿಶಿನ ಪದರಪದರವಾಗಿ ಕಟ್ಟಿ, ಕೊನೆಗೆ ಅದು ಹಳದಿ ಹಲಗೆಯ ತುಂಡಿನಂತಾಯಿತು. ಮೇಲೆ ಏನು ಬರೆದಿತ್ತೋ, ಆ ಭಕ್ತಿಯಲ್ಲಿ ಕರಗಿಹೋಯಿತು.

ಆ ಕೋಟಿನ ಎಡಗೈ ತುದಿಯಲ್ಲಿ ಒಂದು ಹರಕು, ಅದಕ್ಕೆ ಕರಿ ದಾರದ ಸೊಟ್ಟ ಹೊಲಿಗೆ. ಸಿಪಾಯಿ ತಾನೇ ಹೊಲಿದುಕೊಂಡದ್ದು. ವೆಂಕಟರತ್ನಮ್ಮನಿಗೆ ದೊಡ್ಡವೆಂಕಟಪ್ಪನೆಂದರೆ ಆ ಹೊಲಿಗೆ. ಅವನ ಮುಖ ಯಾರಿಗೂ ಗೊತ್ತಿಲ್ಲ, ಚಿತ್ರವಿಲ್ಲ. ಆದರೆ ಕೊನೆಯ ಗಂಟು ಬೀಳದೆ ಎರಡು ಸಲ ಸುತ್ತಿ ಕಚ್ಚಿ ಹರಿದ ಆ ದಾರದ ತುದಿಯಲ್ಲಿ ಒಬ್ಬ ಗಂಡಸಿನ ಅವಸರ, ಅಸಹನೆ, ಒಬ್ಬಂಟಿತನ ಎಲ್ಲ ಕಾಣುತ್ತವೆ ಎನ್ನುವಂತೆ ಆಕೆ ಅದನ್ನು ಬೆರಳಿನಿಂದ ಸವರಿ ತೋರಿಸುತ್ತಾಳೆ. ಸೊಸೆಯಾಗಿ ಬಂದ ವರ್ಷ, ಗಂಡ ಗಣಿಯ ಪಾಳಿಗೆ ಹೋಗಿದ್ದಾಗ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಮರೆಯಲ್ಲಿ ನಿಂತು ಆಕೆ ಆ ಕೋಟನ್ನು ತೊಟ್ಟುಕೊಂಡಿದ್ದಳಂತೆ. ಅಳತೆ ಮಾಡಿಟ್ಟಂತೆ ಭುಜಕ್ಕೆ ಸರಿಹೋಯಿತು. ಅಷ್ಟು ಸಣ್ಣ ಆಳೇ ಎಂದು ಬೆರಗಾಗಿ ತೋಳು ನೀವಿಕೊಳ್ಳುತ್ತಿದ್ದಾಗ ನರಸಮ್ಮ ಒಳಗೆ ಬಂದುಬಿಟ್ಟಳು. ಬೈಗುಳ ಕಾದು ನಿಂತ ಸೊಸೆಯನ್ನು ಮೇಲಿಂದ ಕೆಳಕ್ಕೆ ನೋಡಿ, ಕೊರಳ ಗುಂಡಿಯನ್ನು ತಾನೇ ಹಾಕಿ, 'ನಂಗೆ ಭುಜ ಬಿಗಿ ಆಗಿತ್ತು ಕಣೆ' ಎಂದಳು.

ಈ ಮಾತನ್ನು ಹೇಳಿದಾಗಲೆಲ್ಲ ವೆಂಕಟರತ್ನಮ್ಮನಿಗೆ ನಗು ತಡೆಯಲಾಗುವುದಿಲ್ಲ. ಗಿಡ್ಡ ಮೈ, ಅಗಲ ಮುಖ, ನಕ್ಕರೆ ಮುಚ್ಚಿಯೇ ಹೋಗುವ ಕಣ್ಣು. ಡೈರಿಗೆ ಹಾಲು ಹಾಕಲು ಹೋಗುವಾಗ ಕ್ಯಾನನ್ನು ಸೊಂಟಕ್ಕಿಟ್ಟು, ನೆಲ ನೋಡದೆ, ಕತ್ತೆತ್ತಿ ದಾರಿಯ ತುದಿಯನ್ನೇ ನೋಡುತ್ತ ನಡೆಯುತ್ತಾಳೆ. ಹಾಗಾಗಿ ಎಡವದ ದಿನವಿಲ್ಲ, ಎಡಗಾಲ ಹೆಬ್ಬೆರಳಿಗೆ ಬಟ್ಟೆ ಸುತ್ತದ ವಾರವಿಲ್ಲ. ಮಾತಿನ ಕೊನೆಗೆ ಒಂದು 'ಬರ್ಲಿ ಬಿಡು' ಇದ್ದೇ ಇರುತ್ತದೆ. ಮಳೆ ತಡವಾದರೆ ಬರ್ಲಿ ಬಿಡು, ಡೈರಿ ಸೆಕ್ರೆಟರಿ ತಡವಾದರೆ ಬರ್ಲಿ ಬಿಡು, ಸಾಲಿನಲ್ಲಿ ನಿಂತವರು ಸಿಡುಕಿದರೆ ಅವರ ಸಿಡುಕಿಗೂ ಬರ್ಲಿ ಬಿಡು.

ಗಂಡ ಮುನಿಸ್ವಾಮಪ್ಪ ನಂದಿದುರ್ಗ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು, ನೆಲದಡಿಯ ಪಾಳಿ. ಒಮ್ಮೆ ಆಳದಲ್ಲೆಲ್ಲೋ ಬಂಡೆ ಸಿಡಿದು, ಮೇಲೆ ಅಡುಗೆಮನೆಯ ತಟ್ಟೆಗಳೆಲ್ಲ ನಡುಗಿ, ಸುತ್ತಲಿನ ಹೆಂಗಸರೆಲ್ಲ ಗಣಿಯ ಗೇಟಿಗೆ ಓಡಿದಾಗ, ಈಕೆಯೂ ಬಸ್ಸು ಹಿಡಿದು ಹೋಗಿ ಸಂಜೆಯ ತನಕ ನಿಂತಿದ್ದಳು. ಎಲ್ಲರೂ ಅಳುತ್ತಿದ್ದರೆ ಈಕೆ ಅಳಲಿಲ್ಲವಂತೆ. ಮುಖದ ತುಂಬ ದೂಳು ಮೆತ್ತಿಕೊಂಡು ಮೇಲೆ ಬಂದ ಗಂಡನ ಕೈ ಹಿಡಿದು, ನನ್ನ ಪಾಲಿನದನ್ನೂ ಅಶ್ವತ್ಥಮ್ಮಜ್ಜಿಯೇ ಕಾದುಬಿಟ್ಟಿದ್ದಾಳೆ, ನನಗೆ ಉಳಿಸಿಲ್ಲ ಎಂದಳಂತೆ. ಅಂದು ಗಣಿಯಿಂದ ಬದುಕಿ ಬಂದ ಆ ಮನುಷ್ಯ, ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ, ಕೆಮ್ಮಿ ಕೆಮ್ಮಿ ಆರು ವರ್ಷದ ಹಿಂದೆ ಮನೆಯ ಮಂಚದಲ್ಲೇ ಹೋದ. ಹನ್ನೊಂದನೆಯ ದಿನ ಹೆಂಗಸರು ಬಂದು ಸುತ್ತ ಕೂತು ಈಕೆಯ ಬಳೆ ತೆಗೆಸಿದರು. ಸುಮ್ಮನೆ ಕೈಚಾಚಿದ್ದಳು. ಆ ವರ್ಷದ ಅಮಾವಾಸ್ಯೆಗೆ ಅಶ್ವತ್ಥಮ್ಮನ ಬಳೆಯನ್ನು ಬಂಗಾರಪೇಟೆಯ ಅಂಗಡಿಯಿಂದ ತಾನೇ ಆರಿಸಿ ತಂದಳಾದರೂ, ಎಡೆಯ ಮುಂದೆ ಇಡಲು ಸೊಸೆ ಕಲ್ಪನಳ ಕೈಗೆ ಕೊಟ್ಟು ತಾನು ಅಡುಗೆಮನೆಯ ಹೊಸಿಲಿನಲ್ಲಿ ನಿಂತಳು. ಬಳೆಯೆಂದರೆ ಏನೆಂದು ಹೊಸಿಲಿನ ಆ ಕಡೆ ನಿಂತವರಿಗೆ ಗೊತ್ತಾಗುವಷ್ಟು ತೊಟ್ಟವರಿಗೆ ಗೊತ್ತಾಗುವುದಿಲ್ಲ.

ಕಲ್ಪನ ಮಗ ನರೇಶನ ಹೆಂಡತಿ. ನರೇಶ ಹಾಲಿನ ವ್ಯಾನು ಓಡಿಸುತ್ತಾನೆ. ಅವಳು ಬೆಳಗಿನ ಮೊದಲ ಬಸ್ಸಿಗೆ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ, ರಾತ್ರಿಯೂಟಕ್ಕೆ ಮನೆಗೆ ಬರುವವಳು. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಹೋದ ವರ್ಷ ಮೊಣಕಾಲು ನೋವು ಹೆಚ್ಚಿ, ಕಣ್ಣಿಗೆ ಪೊರೆ ಬಂದು, ಪೆಟ್ಟಿಗೆಯನ್ನು ಎತ್ತಿಡಲಾರದಾದಾಗ, ಈ ಅಮಾವಾಸ್ಯೆಗೆ ಇದನ್ನು ನಿನ್ನ ಕೈಗೆ ಕೊಡುತ್ತೇನೆ ಎಂದು ವೆಂಕಟರತ್ನಮ್ಮ ಅವಳಿಗೆ ಹೇಳಿದಳು. ಕಲ್ಪನ ಸೀರೆಯ ನೆರಿಗೆ ಬಿಚ್ಚುತ್ತ, 'ಬಸ್ ಕಾಯೋದ್ರಾಗೇ ನನ್ ಅರ್ಧ ಆಯುಸ್ಸು ಓಯ್ತು ಅತ್ತೆ, ಇನ್ನು ತಾತನ್ನೂ ಕಾಯ್ಲಾ?' ಎಂದಳು. ಅತ್ತೆ ನಕ್ಕಳು. ಸೊಸೆ ನಗಲಿಲ್ಲ. ಆ ಕಾಗದದಲ್ಲಿ ಏನಿದೆಯೆಂದು ತಿಳಿಯದೆ ತಾನು ಪೆಟ್ಟಿಗೆ ಇಸಿದುಕೊಳ್ಳುವುದಿಲ್ಲ ಎಂದುಬಿಟ್ಟಳು.

ಬಂಗಾರಪೇಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನವ್ಯ ಎಂಬ ಹುಡುಗಿ ಕಲ್ಪನಳ ಬಸ್ಸಿನ ಗೆಳತಿ; ಹಳೆಯ ಕಾಗದಗಳನ್ನು ಹುಷಾರಾಗಿ ಬಿಡಿಸುವುದು ಅವಳಿಗೆ ಗೊತ್ತಿತ್ತು. ಅವಳನ್ನು ಕರೆತರುತ್ತೇನೆ ಎಂದು ಸೊಸೆ ಹೇಳಿದಾಗ ಅತ್ತೆ ಒಪ್ಪಲಿಲ್ಲ. ಆ ಕಾಗದ ಬಿಡಿಸಿದರೆ ಅಶ್ವತ್ಥಮ್ಮಜ್ಜಿಯ ಬಳೆಗೆ ಕೈ ಹಾಕಿದಂತೆ, ನನ್ನ ಕೈಯಿಂದ ಆ ಕೆಲಸ ಆಗಕೂಡದು ಎಂದಳು. ವಾರವೆಲ್ಲ ಮನೆಯಲ್ಲಿ ಮುಸುಕಿನ ಗುದ್ದಾಟ. ಹಟವಿಬ್ಬರದೂ ಒಂದೇ ತೂಕ. ಭಾನುವಾರ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಾಗ, ಕಲ್ಪನ ದನಿ ತಗ್ಗಿಸಿ ಒಂದು ಮಾತು ಹೇಳಿದಳು.

'ಅತ್ತೆ, ಒಂದ್ವೇಳೆ ಆ ಮನುಸ್ಯ ಆಗ್ಲೇ ಓಗ್ಬಿಟ್ಟಿದ್ರೆ? ಇಷ್ಟ್ ವರ್ಸದಿಂದ ಜಗಲಿ ಮ್ಯಾಲೇ ಕೂರ್ಸಿದೀವಲ್ಲ, ಒಳಕ್ ಬಾ ಅನ್ನದೆ.'

ವೆಂಕಟರತ್ನಮ್ಮ ಸೊಸೆಯ ಕೈಯನ್ನು ಮೊಣಕಾಲಿನಿಂದ ಸರಿಸಿದಳು. ಎದ್ದು, ಗೋಡೆ ಹಿಡಿದುಕೊಂಡು ಜಗಲಿಗೆ ಹೋಗಿ, ವರ್ಷಕ್ಕೊಂದು ಸಲ ಎಲೆ ಹಾಸುವ ಜಾಗವನ್ನು ನೋಡುತ್ತ ನಿಂತಳು. ಮಳೆಯ ಎರಚಲು ಹೊಡೆದು ಅಲ್ಲಿಯ ಗಾರೆ ಕಿತ್ತಿತ್ತು. ನಲವತ್ತೆಂಟು ವರ್ಷ ಆಕೆ ಅವನು ಬರಲೆಂದು ಬಯಸಿದ್ದಳು. ಬಂದು ಬಾಗಿಲಲ್ಲೇ ನಿಂತಿರಬಹುದು, ಕರೆಯುವವರಿಲ್ಲದೆ ನಿಂತಿರಬಹುದು ಎಂದು ಒಮ್ಮೆಯೂ ತೋಚಿರಲಿಲ್ಲ. ಒಳಗೆ ಬಂದು, ಆ ಹುಡುಗಿಯನ್ನು ಕರೆಸು ಎಂದಳು.

ನವ್ಯ ಅಮಾವಾಸ್ಯೆಗೆ ಮೂರು ದಿನವಿರುವಾಗ, ಮಧ್ಯಾಹ್ನ, ಬಟ್ಟೆಯ ಚೀಲದಲ್ಲಿ ಮೆದು ಕುಂಚ, ಹತ್ತಿ, ತೆಳ್ಳನೆಯ ಮೂಳೆಯ ಚೂರಿ ತಂದಳು. ಚಾಪೆಯ ಮೇಲೆ ಬಿಳಿ ಪಂಚೆ ಹಾಸಿದರು. ಹಳದಿ ಹಲಗೆಯನ್ನು ಕಂಡು ಆ ಹುಡುಗಿ ಮೊದಲು ನಿಟ್ಟುಸಿರಿಟ್ಟಳು. ಮೇಲಿನ ಬರಹವೆಲ್ಲ ಹೋಗಿದೆ ಎಂದಳು. ಅರ್ಧ ತಾಸು ಅಂಚನ್ನು ಕೆರೆದು, ಮಡಿಕೆಯನ್ನು ಮೆಲ್ಲಗೆ ಎತ್ತಿದಾಗ ಅವಳ ಕೈ ನಿಂತಿತು. ಒಳಮೈ ಒಣಗಿ, ಬೆಳ್ಳಗೆ, ಅಚ್ಚಾದ ಗೆರೆಗಳ ನಡುವೆ ಕಂದು ಮಸಿಯ ಬರಹ ಮೊನ್ನೆ ಬರೆದಂತಿತ್ತು. ಹೊರಗೆ ಹಚ್ಚಿದ ಅರಿಶಿನ ಒಳಕ್ಕೆ ಇಳಿದಿರಲಿಲ್ಲ, ಒಂದು ಹುಳುವನ್ನೂ ಒಳಗೆ ಬಿಟ್ಟಿರಲಿಲ್ಲ. ಅಕ್ಷರ ಬಾರದ ಐವರು ಹೆಂಗಸರು ಯಾವ ಕಾಗದವನ್ನು ಹಾಳುಮಾಡಿದರೆಂದು ಅಂದುಕೊಂಡಿದ್ದೆವೋ ಅದನ್ನು ಅವರೇ ಕಾಪಾಡಿಟ್ಟಿದ್ದರು.

ನವ್ಯ ಮೇಲಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡಳು. ಅವಳ ಮುಖ ನೋಡುತ್ತಿದ್ದ ವೆಂಕಟರತ್ನಮ್ಮ ಕೈ ಅಡ್ಡ ಹಿಡಿದು, ಅದನ್ನು ಈಗಲೇ ಹೇಳಬೇಡ, ಕೆಳಗೇನಿದೆ ಅದನ್ನು ಓದು ಎಂದಳು. ಕೆಳಗಿದ್ದದ್ದು ಸಾಮಾನುಗಳ ಪಟ್ಟಿ. ನವ್ಯ ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿ ಓದಿದಳು.

ಕೆಂಪು ಕೋಟು, ಒಂದು. ವೆಂಕಟರತ್ನಮ್ಮ ಪೆಟ್ಟಿಗೆಯಿಂದ ಕೋಟು ತೆಗೆದು ಪಂಚೆಯ ಮೇಲಿಟ್ಟು, 'ಐತೆ' ಎಂದಳು. ಹಿತ್ತಾಳೆ ಗುಂಡಿ, ಎಂಟು. ಕಣ್ಣು ಮಂಜಾದ್ದರಿಂದ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು. 'ಎಂಟೂ ಐತೆ.' ನೀರಿನ ಚೊಂಬು, ಒಂದು. 'ಐತೆ.' ಸೂಜಿಯ ಚೀಲ, ಒಂದು. 'ಐತೆ ತಾಯಿ.' ಅರಗಿನ ಡಬ್ಬಿ, ಒಂದು, ಖಾಲಿ. ವೆಂಕಟರತ್ನಮ್ಮ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, ಎಲ್ಲಕ್ಕಿಂತ ಮುಂದೆ ಇಟ್ಟಳು. ಪಟ್ಟಿಯಲ್ಲಿದ್ದುದರಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಕಡಲಾಚೆ ಯಾವನೋ ಗುಮಾಸ್ತ ಅವಸರದಲ್ಲಿ ಗೀಚಿದ ಆ ಪಟ್ಟಿಗೆ ಆ ಮನೆಯ ಹೆಂಗಸರು, ಪಟ್ಟಿಯಿದೆಯೆಂದೇ ತಿಳಿಯದೆ, ನೂರಮೂವತ್ತೇಳು ವರ್ಷ ನಿಷ್ಠೆಯಿಂದ ನಡೆದುಕೊಂಡಿದ್ದರು.

ಆಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದಳು. ಬದುಕಿದ್ದನೇ, ಸತ್ತನೇ, ಎಲ್ಲಿ, ಹೇಗೆ ಎಂದೆಲ್ಲ ಕೇಳಲಿಲ್ಲ.

'ಎಷ್ಟ್ ವಯಸ್ಸಂತೆ?'

'ಇಪ್ಪತ್ತೊಂಬತ್ತು ಅಮ್ಮ' ಎಂದಳು ನವ್ಯ. ತೀರಿಕೊಂಡದ್ದು ಜ್ವರದ ಆಸ್ಪತ್ರೆಯಲ್ಲಿ, ಪೆಟ್ಟಿಗೆ ಇಲ್ಲಿಗೆ ಬರುವುದಕ್ಕೆ ಏಳು ತಿಂಗಳ ಮುಂಚೆ ಎಂದು ಸೇರಿಸಿದಳು.

ವೆಂಕಟರತ್ನಮ್ಮ ಕೋಟಿನ ತೋಳನ್ನು ತೊಡೆಯ ಮೇಲೆಳೆದುಕೊಂಡು ಆ ಸೊಟ್ಟ ಹೊಲಿಗೆಯನ್ನು ಸವರುತ್ತ ಕೂತಳು. ಆಕೆಯ ಮಗ ನರೇಶನಿಗೆ ಈಗ ನಲವತ್ತೊಂದು. ಬಾಯಿ ತುಂಬ ತಾತ ಎಂದು ಕರೆದು, ಕಾಲಿಗೆ ಬಿದ್ದು, ಗಡ್ಡ ಮೀಸೆ ಬ್ರಹ್ಮಕಳೆಯನ್ನೆಲ್ಲ ಕಲ್ಪಿಸಿಕೊಂಡಿದ್ದ ಹಿರಿಯ, ತನ್ನ ಮಗನಿಗಿಂತ ಹನ್ನೆರಡು ವರ್ಷ ಚಿಕ್ಕವನು. 'ನಮ್ಮ ನರೇಶನಿಗೂ ಚಿಕ್ಕೋನು. ಅದುಕ್ಕೇ ಒಲಿಯಾಕ್ ಬಂದಿಲ್ಲ' ಎಂದಳು. ಆಗ ಅಳು ಬಂತು. ಆ ಮನೆಯಲ್ಲಿ ದೊಡ್ಡವೆಂಕಟಪ್ಪನಿಗಾಗಿ, ಸತ್ತವನೆಂದು ತಿಳಿದು, ಬಿದ್ದ ಮೊದಲ ಕಣ್ಣೀರು ಅದು. ಅವನ ಮುಖ ಕಾಣದ, ಅವನ ರಕ್ತವಲ್ಲದ, ಮಾಲೂರಿನ ಹೆಣ್ಣುಮಗಳೊಬ್ಬಳದು.

ಅಮಾವಾಸ್ಯೆಯ ದಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಿಂದ ಗಂಡನ ಅಣ್ಣ ಕೋದಂಡಪ್ಪ ಬಂದ. ಹಿರಿಯರ ಪೂಜೆ ಮಾಡುವವನು ಅವನೇ. ಎಪ್ಪತ್ತಾರರ ಹಿರಿಯ, ಮೂವತ್ತು ವರ್ಷ ನೆಲದಡಿಯಲ್ಲಿ ದುಡಿದು, ಬೈಯಲು ತಮಿಳು, ದೇವರಿಗೆ ತೆಲುಗು, ನೆಂಟರಿಗೆ ಕನ್ನಡ ಎಂದು ಮೂರನ್ನೂ ಬೇರೆ ಬೇರೆ ಇಟ್ಟುಕೊಂಡವನು. ಕಾಗದದ ಸುದ್ದಿಯನ್ನು ನರೇಶ ಹೇಳಿದಾಗ ತಲೆದೂಗಿ ಸಾಂಬ್ರಾಣಿಗೆ ಕೆಂಡ ಹಾಕಿದ. ನಡುಮನೆಯಲ್ಲಿ ಎಲೆಗಳು ಸಾಲಾಗಿ ಬಿದ್ದವು. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಬಂದವು. ಅಶ್ವತ್ಥಮ್ಮನ ಎಲೆಯ ಮುಂದೆ ಕಲ್ಪನ ಹಸಿರು ಬಳೆಯ ಡಜನ್ ಇಟ್ಟಳು.

ವೆಂಕಟರತ್ನಮ್ಮ ಜಗಲಿಗೆ ಹೋದಳು. ಬಡಿಸಿದ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಹೊಸಿಲಿನ ಹೊರಗೆ ಕಾಲಿಗೆಂದು ಒಂದು ಚೊಂಬು ನೀರು ಹುಯ್ಯಿಸಿ, ಪೇಟೆಯಿಂದ ತಡವಾಗಿ ಬಂದ ಮಗನನ್ನು ಕರೆಯುವಂತೆ, 'ಬಾರಪ್ಪ, ಒಳಕ್ ಬಾ' ಎಂದು ಹೊಸಿಲು ದಾಟಲು ಕಾಲೆತ್ತಿದಳು.

'ನಿಲ್ಲು ರತ್ನಮ್ಮ' ಎಂದ ಕೋದಂಡಪ್ಪ. ದನಿಯಲ್ಲಿ ಗದರಿಕೆಯಿರಲಿಲ್ಲ, ಸಂಕಟವಿತ್ತು. ಅವನು ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಮಾತೇ. ಆ ಎಲೆ ಒಳಗೆ ಬಂದರೆ ಅವನು ಸತ್ತವರ ಸಾಲಿಗೆ ಸೇರಿದಂತೆ. ಗಂಡ ಅಷ್ಟು ಮೊದಲೇ ಸತ್ತ ಮೇಲೆ ಹೆಂಡತಿಯ ಎಡೆಯ ಮುಂದೆ ಬಳೆ ಇಡುವಂತಿಲ್ಲ, ಕುಂಕುಮ ಇಡುವಂತಿಲ್ಲ. ಅವನನ್ನು ಒಳಗೆ ಕರೆಯುವುದಾದರೆ ಅವಳ ಬಳೆ ತೆಗೆಯಬೇಕು. ಅವಳ ಬಳೆ ಉಳಿಯಬೇಕಾದರೆ ಅವನು ಹೊರಗೇ ಇರಬೇಕು. ಎರಡರಲ್ಲಿ ಒಂದನ್ನು ಹೇಳು, ಹಾಗೇ ಮಾಡುತ್ತೇನೆ ಎಂದ.

ಆಕೆ ಹೊಸಿಲಿನ ಮೇಲೆ ನಿಂತಳು. ಎಲೆಯ ಮೇಲಿನ ಮುದ್ದೆಯಿಂದ ಇನ್ನೂ ಹಬೆಯಾಡುತ್ತಿತ್ತು. ಒಳಗೆ ಹಸಿರು ಬಳೆ ದೀಪಕ್ಕೆ ಹೊಳೆಯುತ್ತಿದ್ದವು. ಎಲೆ ಹಿಡಿದ ಆಕೆಯ ಕೈಯಲ್ಲಿ ಒಂದೂ ಇರಲಿಲ್ಲ. ಬಳೆ ತೆಗೆಯುವುದು ಹೇಗಿರುತ್ತದೆಂದು ಆ ನಡುಮನೆಯಲ್ಲಿ ನಿಂತವರಲ್ಲಿ ಬಲ್ಲವಳು ಆಕೆಯೊಬ್ಬಳೇ. ಕಲ್ಪನ ಬಳೆಯ ಕಡೆಗೂ ನೋಡದೆ, ದೊಡ್ಡಮಾವನ ಕಡೆಗೂ ನೋಡದೆ, ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

'ಬಾವಾ, ಇಷ್ಟ್ ವರ್ಸ ಆದ್ಮೇಲೆ ಗಂಡ ಮನೇಗ್ ಬಂದವ್ನೆ' ಎಂದಳು ವೆಂಕಟರತ್ನಮ್ಮ. 'ಗಂಡ ಮನೇಗ್ ಬಂದ ದಿನ ಯಾರಾನ ಬಳೆ ಒಡೀತಾರಾ?'

ಕೋದಂಡಪ್ಪ ಧೂಪದ ಬಟ್ಟಲನ್ನು ಕೆಳಗಿಟ್ಟ. ಶಾಸ್ತ್ರವನ್ನು ಹುಡುಕುವವನಂತೆ ಸೂರು ನೋಡಿದ. ಅಲ್ಲೇನೂ ಸಿಗಲಿಲ್ಲವೆಂದು ಕಾಣುತ್ತದೆ. ಆಮೇಲೆ ಬಗ್ಗಿ, ಅಶ್ವತ್ಥಮ್ಮನ ಎಲೆಯ ಪಕ್ಕದಲ್ಲಿದ್ದ ತನ್ನ ತಂದೆಯ ಎಡೆಯನ್ನು ಎರಡು ಕೈಯಿಂದ ಹಿಡಿದು, 'ಒಸಿ ಜರುಗ್ಕಳಪ್ಪ, ನಿನ್ ಮುತ್ತಾತ ಬಂದವ್ರೆ' ಎಂದು ಗೇಣುದ್ದ ಸರಿಸಿದ. ಆ ಜಾಗದಲ್ಲಿ ವೆಂಕಟರತ್ನಮ್ಮ ಎಲೆಯನ್ನಿಟ್ಟಳು. ಸಾಂಬ್ರಾಣಿಯ ಹೊಗೆ ಎದ್ದಾಗ ಯಾರ ಕಣ್ಣಲ್ಲಿ ನೀರು ಯಾತಕ್ಕೆಂದು ಯಾರೂ ಕೇಳುವಂತಿರಲಿಲ್ಲ. ಕಲ್ಪನ ಕುಂಕುಮದ ಭರಣಿಯಿಂದ ಒಂದು ಚಿಟಿಕೆ ತೆಗೆದು ಬರ್ಮಾದ ಆ ಖಾಲಿ ಡಬ್ಬಿಗೆ ಹಾಕಿ, ಎರಡು ಎಲೆಗಳ ನಡುವೆ ಇಟ್ಟಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆ ಪೆಟ್ಟಿಗೆಯನ್ನು ಎತ್ತಿ ತನ್ನ ಕೋಣೆಗೆ ಒಯ್ದವಳೂ ಅವಳೇ.

ಹಬ್ಬ ಕಳೆದು ತಿಂಗಳಾದ ಮೇಲೆ ಹೋದಾಗ ವೆಂಕಟರತ್ನಮ್ಮ ಸ್ವಲ್ಪ ಇಳಿದುಹೋದಂತೆ ಕಂಡಳು. ಕಾಲೇಜಿನವರು ವಸ್ತುಗಳನ್ನು ಪ್ರದರ್ಶನಕ್ಕೆ ಕೇಳಿದ್ದರು. ಸೊಸೆ ಫೋಟೋ ತೆಗೆದುಕೊಳ್ಳಿ, ಸಾಮಾನು ಕದಲುವುದಿಲ್ಲ ಎಂದು ಖಡಾಖಂಡಿತ ಹೇಳಿ ಕಳಿಸಿದ್ದಾಳೆಂದು ಹೆಮ್ಮೆಪಟ್ಟಳು. ಮನಸ್ಸು ಹಗುರಾಯಿತೇ ಎಂದು ಕೇಳಿದೆ. 'ಬರೋರ್ ಬಂದ್ರು. ಈಗ ಕೈ ಬರಿದಾದಂಗ್ ಆಗೈತೆ' ಎಂದಳು. ತೀರಿದ ಆಸೆ ಇಷ್ಟು ಜಾಗ ಖಾಲಿ ಬಿಟ್ಟುಹೋಗುತ್ತದೆಂದು ನನಗೂ ತಿಳಿದಿರಲಿಲ್ಲ.

ವಂಶವನ್ನು ನಾವು ರಕ್ತದಿಂದ ಲೆಕ್ಕ ಹಾಕುತ್ತೇವೆ. ಅಪ್ಪನ ಮೂಗು ಮಗನಿಗೆ, ಅಜ್ಜನ ಕೋಪ ಮೊಮ್ಮಗನಿಗೆ. ಆದರೆ ಒಂದು ಮನೆಯ ಹಂಬಲ ಆ ದಾರಿಯಲ್ಲಿ ಇಳಿಯುವುದಿಲ್ಲ. ಅದು ಬೇರೆ ಬೇರೆ ಊರಿನ, ಬೇರೆ ಬೇರೆ ಬಾವಿಯ ನೀರು ಕುಡಿದು ಬೆಳೆದ ಹೆಣ್ಣುಮಕ್ಕಳ ಕೈಯಿಂದ ಕೈಗೆ ದಾಟುತ್ತದೆ; ಅವರು ಹೊಸಿಲು ದಾಟಿ ಬಂದ ದಿನ ಮನೆಯಲ್ಲಿರುವವರ ಜೊತೆಗೆ ಇಲ್ಲದವರನ್ನೂ ಒಪ್ಪಿಕೊಳ್ಳುತ್ತಾರೆ, ಯಾರವನು, ನನಗೇನಾಗಬೇಕು ಎಂದು ಕೇಳದೆ ಅವನ ಪಾಲಿನದೊಂದು ಮುದ್ದೆಯನ್ನು ಹೆಚ್ಚಿಗೆ ಕಟ್ಟುತ್ತಾರೆ. ಮನೆಯ ಮಕ್ಕಳು ಮರೆಯಬಲ್ಲರು, ಮರೆಯುವ ಹಕ್ಕು ಅವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಹೊರಗಿನಿಂದ ಬಂದವರಿಗೆ ಆ ಹಕ್ಕಿಲ್ಲ. ಅವರ ಕೈಗೆ ಕೊಟ್ಟದ್ದನ್ನು ಅವರು ಕೊಟ್ಟಂತೆಯೇ, ಒಂದು ಗುಂಡಿಯೂ ಕಳೆಯದಂತೆ, ಮುಂದಿನವಳ ಕೈಗೆ ಇಡುತ್ತಾರೆ. ಸತ್ತವರು ಮನೆಗೆ ಬರುವುದೇನಾದರೂ ಉಂಟಾದರೆ, ಅಂಥವರು ಬಾ ಎಂದು ಕರೆದದ್ದಕ್ಕೇ ಬರುತ್ತಾರೆ.